ಪರಸ್ಥಾನಕ್ಕಿಟ್ಟ ಸೂಟ್‌ಕೇಸು

ಬಾಣಲೆಯಲ್ಲಿ ಓಂಕಾಳು ಚಟಪಟ ಅನ್ನುವಷ್ಟರಲ್ಲಿ ಅದರ ಘಾಟು ಮೂಗಿಗೆ ಬಡಿಯಿತು. ಸ್ಟೌ ಆರಿಸಿ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಿಂತುಬಿಟ್ಟೆ. ಹಡಗಿನಲ್ಲಿ ಹೊಟ್ಟೆ ತೊಳೆಸಿದರೆ ಮೂಸುವುದಕ್ಕೆ ಹುರಿದ ಓಂಕಾಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟುಕೊಳ್ಳಬೇಕು ಎಂದು ನನಗೆ ಹೇಳಿದವರು ಎದುರು ಮನೆ ಮೇಡಂ. ಮೂರು ವರ್ಷದ ಹಿಂದೆ ಅವರ ಗಂಟನ್ನು ಕಟ್ಟಿಕೊಟ್ಟವಳು ನಾನೇ.

ನಮ್ಮ ಮನೆಯವರು ಪಿಲ್ಲಗುಂಪೆಯ ಕಾರ್ಖಾನೆಯಿಂದ ಈ ವರ್ಷ ನಿವೃತ್ತರಾದರು. ಜೊತೆಯಲ್ಲಿ ದುಡಿದ ನಾಲ್ಕು ಜನ ಸೇರಿ, ಹೆಂಡತಿಯರನ್ನೂ ಕರೆದುಕೊಂಡು ಚೆನ್ನೈನಿಂದ ಹಡಗಿನಲ್ಲಿ ಸಮುದ್ರ ಸುತ್ತಿಬರುವುದೆಂದು ತೀರ್ಮಾನಿಸಿ, ಬುಕಿಂಗ್ ಎಲ್ಲ ಮುಗಿದ ಮೇಲೆ ನನಗೆ ಹೇಳಿದರು. ಮಂಗಳವಾರ ಬೆಳಿಗ್ಗೆ ಹೊಸಕೋಟೆಯಿಂದ ಹೊರಡುವುದು. ಎರಡು ವಾರದಿಂದ ಮಂಚದ ಮೇಲೆ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. ಒಂದು ಸೀರೆ ಇಡುತ್ತಿದ್ದೆ, ಎರಡು ತೆಗೆಯುತ್ತಿದ್ದೆ. ನೀರಿಗೆ ಹೆದರಿದ್ದಾಳೆ ಎಂದು ಮನೆಯಲ್ಲಿ ಎಲ್ಲರೂ ನಕ್ಕರು. ನಗಲಿ ಬಿಡಿ. ನನ್ನ ಹೆದರಿಕೆ ನೀರಿನದಾಗಿರಲಿಲ್ಲ.

ಮೇಡಂ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಾನು ಕುಂದಾಣದಿಂದ ಸೊಸೆಯಾಗಿ ಈ ಬೀದಿಗೆ ಬಂದಾಗ ಗ್ಯಾಸ್ ಸಿಲಿಂಡರಿಗೆ ರೆಗ್ಯುಲೇಟರ್ ಹಾಕುವುದನ್ನೂ ಅವರೇ ತೋರಿಸಿಕೊಟ್ಟಿದ್ದರು. ಗ್ರಹಣದ ದಿನ ನನ್ನ ಅತ್ತೆ ಕಿಟಕಿ ಬಾಗಿಲೆಲ್ಲ ಮುಚ್ಚಿ ಕೂತರೆ, ಈಯಮ್ಮ ಎದುರಿನ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಎಲ್ಲರಿಗೂ ಕಾಣುವ ಹಾಗೆ ಕಡ್ಲೆಪುರಿ ತಿನ್ನುತ್ತಿದ್ದರು. ಅಂಥವರು ಜೊತೆಯ ಮೂವರು ನಿವೃತ್ತ ಟೀಚರುಗಳ ಮಾತಿಗೆ ಹೂಂ ಅಂದು ಹಡಗಿನ ಟಿಕೆಟ್ ಮಾಡಿಸಿದ ದಿನದಿಂದ ಬೇರೆಯೇ ಆಗಿಬಿಟ್ಟರು.

"ಅಷ್ಟು ಭಾರದ ಹಡಗು ಯಾಕೆ ಮುಳುಗಲ್ಲ ಅಂತ ಮೂವತ್ತು ವರ್ಷ ಪಾಠ ಮಾಡಿದೀನಿ ಕಣೇ. ಈಗ ನಂಗೇ ನಂಬಿಕೆ ಬರ್ತಿಲ್ಲ" ಎಂದಿದ್ದರು.

ಹಳೇ ಸ್ಕೂಲಿಗೆ ಹೋಗಿ ಪಿ.ಟಿ. ಮೇಷ್ಟ್ರ ಹತ್ತಿರ ಒಂದು ವಿಷಲ್ ಕೇಳಿಕೊಂಡು ಬಂದಿದ್ದರು. ನೀರಿಗೆ ಬಿದ್ದರೆ ಕೂಗುವುದಕ್ಕೆ ಆಗುವುದಿಲ್ಲವಂತೆ, ಊದಬಹುದಂತೆ. ನಾನು ಬಿದ್ದು ಬಿದ್ದು ನಕ್ಕೆ. ಅವರೂ ನಕ್ಕರು, ಆದರೆ ವಿಷಲ್ ಮಾತ್ರ ಸೂಟ್‌ಕೇಸಿಗೆ ಹೋಯಿತು.

ಅವರ ಸೂಟ್‌ಕೇಸು ತುಂಬಿದವಳು ನಾನು. ಯಾರದೇ ಮನೆಯ ಕೆಲಸವಾಗಲಿ, ನಾನು ಯಜಮಾನಿಕೆ ಮಾಡದೆ ಬಿಡುವವಳಲ್ಲ. ಸ್ವೆಟರು, ನಾಲ್ಕು ಸೀರೆ, ಚಟ್ನಿಪುಡಿ, ಓಂಕಾಳಿನ ಗಂಟು... ಅದರ ಹಿಂದಿನ ವರ್ಷ ಅವರ ಎದೆಗೆ ಸ್ಟೆಂಟ್ ಹಾಕಿದ್ದರು. ಎದೆ ಹಿಡಿದುಕೊಂಡರೆ ತಕ್ಷಣ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಣ್ಣ ಮಾತ್ರೆಯ ಡಬ್ಬಿ ಯಾವಾಗಲೂ ಪರ್ಸಿನಲ್ಲಿ ಇರುತ್ತಿತ್ತು. "ಔಷಧಿ ಎಲ್ಲಾ ಒಂದೇ ಕಡೆ ಇರ್ಲಿ ಮೇಡಂ, ಅಲ್ಲಿ ಹೋಗಿ ಹುಡುಕಬೇಡಿ" ಎಂದು ಆ ಡಬ್ಬಿಯನ್ನೂ ತೆಗೆದು ಜಿಪ್ಪಿನ ಚೀಲಕ್ಕೆ ಹಾಕಿದೆ. ಹೊರಡುವ ತನಕ ನುಂಗಬೇಕಾದ ದಿನದ ಮಾತ್ರೆಗಳನ್ನು ಮಾತ್ರ ಹೊರಗಿಟ್ಟೆವು. ಆ ಸಣ್ಣ ಡಬ್ಬಿಯೂ ಹೊರಗಿರಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಅವರು ಹೊರಡಬೇಕಾಗಿದ್ದದ್ದೂ ಮಂಗಳವಾರವೇ. ಮಂಗಳವಾರ ನಮ್ಮ ಕಡೆ ಯಾರೂ ದೂರದ ಪ್ರಯಾಣ ಹೊರಡುವುದಿಲ್ಲ. ಹೊರಡಲೇಬೇಕಾದರೆ ಅದಕ್ಕೂ ದಾರಿಯಿದೆ. ಒಳ್ಳೆಯ ದಿನ ನೋಡಿ ಗಂಟುಮೂಟೆಯನ್ನು ಮೊದಲೇ ಇನ್ನೊಬ್ಬರ ಮನೆಯಲ್ಲಿ ಇಟ್ಟುಬಿಟ್ಟರೆ ಆವತ್ತೇ ಪ್ರಯಾಣ ಶುರುವಾದ ಲೆಕ್ಕ. ಇದಕ್ಕೆ ಪರಸ್ಥಾನ ಇಡುವುದು ಎನ್ನುತ್ತಾರೆ. ಇಟ್ಟ ಮೇಲೆ ಹೊರಡುವ ತನಕ ಅದನ್ನು ಬಿಚ್ಚಬಾರದು, ಮನೆಗೆ ವಾಪಸು ಒಯ್ಯಲೂಬಾರದು. ಭಾನುವಾರವೇ ನಮ್ಮ ಮನೆಯಲ್ಲಿ ಇಡಿ ಎಂದು ಹಟ ಹಿಡಿದವಳು ನಾನು. ಗ್ರಹಣಕ್ಕೆ ಕಡ್ಲೆಪುರಿ ತಿಂದ ಹೆಂಗಸು ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ.

"ಇಡು ತಾಯಿ, ಇಡು. ಭಯಕ್ಕೆ ಸೈನ್ಸ್ ಅರ್ಥ ಆಗಲ್ಲ" ಎಂದುಬಿಟ್ಟರು.

ಸೂಟ್‌ಕೇಸಿಗೆ ಅರಿಶಿನ ಕುಂಕುಮ ಹಚ್ಚಿ ನಮ್ಮ ದೇವರಮನೆಯ ಪಕ್ಕದಲ್ಲಿ ಇಟ್ಟೆ. ಭಾನುವಾರ ಸಂಜೆಯೊಳಗೆ ಮೇಡಂ ನಾಲ್ಕು ಸಲ ಬಂದರು. ಸ್ವೆಟರ್ ಇಟ್ಟೆವಾ, ವಿಷಲ್ ಮೇಲೇ ಇದೆಯಾ, ಆಧಾರ್ ಕಾರ್ಡ್ ಎಲ್ಲಿ... ಪ್ರತಿ ಸಲವೂ ಇದೆ, ಇದೆ ಅಂದೆ. ನಾಲ್ಕನೇ ಸಲಕ್ಕೆ ನನಗೆ ರೇಗಿತ್ತು.

ಸೋಮವಾರ ಬೆಳಿಗ್ಗೆ ಹತ್ತೂವರೆ. ಮಿಕ್ಸಿಯಲ್ಲಿ ಖಾರ ರುಬ್ಬುತ್ತಿದ್ದೆ. ತಿರುಗಿ ನೋಡಿದರೆ ಮೇಡಂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮುಖದ ಮೇಲೆ ಬೆವರು. ಬಿಸಿಲಲ್ಲಿ ಬಂದರಲ್ಲ, ಅದಕ್ಕೇ ಎಂದುಕೊಂಡೆ. ಸೆರಗು ಸರಿಮಾಡಿಕೊಳ್ಳುವವರ ಹಾಗೆ ಕೈ ಎದೆಯ ಮೇಲಿತ್ತು.

"ಒಂದ್ಸಲ ಸೂಟ್‌ಕೇಸ್ ತೆಗೀಲಾ? ಒಂದು ಚೂರು ಬೇಕಿತ್ತು" ಎಂದರು.

"ಅಯ್ಯೋ, ಬಿಡ್ತು ಅನ್ನಿ ಮೇಡಂ! ಪರಸ್ಥಾನ ಇಟ್ಟಿದ್ದನ್ನ ಬಿಚ್ಚಿಬಿಟ್ರೆ ಆಯ್ತು ನಿಮ್ಮ ಕಥೆ. ನಾಳೆ ಬಸ್ಸಲ್ಲಿ ಕೂತ್ಕೊಂಡು ಬೇಕಾದಷ್ಟು ಸಲ ತೆಗೀರಿ, ಹೋಗಿ" ಎಂದೆ.

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಒಂದು ಕೊಸರಾಟವಿಲ್ಲ, ವಾದವಿಲ್ಲ. "ಸರಿ ಬಿಡು" ಎಂದು ತಿರುಗಿಕೊಂಡರು. ನಾನು ಮತ್ತೆ ಮಿಕ್ಸಿ ಹಾಕಿದೆ. ಗೇಟಿನ ಸದ್ದು ಕೂಡ ಕೇಳಿಸಲಿಲ್ಲ...

ಒಂದು ಗಂಟೆಗೆ ಮುದ್ದೆ, ಸೊಪ್ಪಿನ ಸಾರು ತೆಗೆದುಕೊಂಡು ಹೋದೆ. ಬಾಗಿಲು ಅರ್ಧ ತೆರೆದಿತ್ತು. ಕರೆದೆ. ಮತ್ತೆ ಕರೆದೆ. ಒಳಗೆ ಫ್ಯಾನ್ ತಿರುಗುವ ಸದ್ದು ಬಿಟ್ಟು ಏನೂ ಇರಲಿಲ್ಲ. ಹೊಸ್ತಿಲು ದಾಟಿ ನೋಡಿದರೆ ದಿವಾನದ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಕಣ್ಣು ಮುಚ್ಚಿತ್ತು. ಕಾಲ ಬಳಿ ಅವರ ಪರ್ಸು ಬೋರಲು ಬಿದ್ದಿತ್ತು. ಪೆನ್ನು, ಕೀ, ಬಸ್ ಟಿಕೇಟು, ಎಲ್ಲವನ್ನೂ ನೆಲಕ್ಕೆ ಸುರಿದು ಹುಡುಕಿದ್ದರು. ಏನನ್ನು ಹುಡುಕಿದ್ದರು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಕೈಯಲ್ಲಿದ್ದ ಸಾರಿನ ಪಾತ್ರೆ ಎಲ್ಲಿ ಇಟ್ಟೆನೋ ಇವತ್ತಿಗೂ ನೆನಪಿಲ್ಲ.

ನೆಲಮಂಗಲದಿಂದ ಮೇಡಂ ಮಗಳು ಬಂದಳು. ಮೂರನೇ ದಿನ ನಮ್ಮ ಮನೆಗೆ ಬಂದು ಸೂಟ್‌ಕೇಸು ಬಿಚ್ಚಿದಳು. ಔಷಧಿಯ ಚೀಲ ಮೇಲೆಯೇ ಇತ್ತು. ಆ ಸಣ್ಣ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಆವತ್ತು ಬೆಳಿಗ್ಗೆ ಅಮ್ಮ ಇಲ್ಲಿಗೆ ಬಂದಿದ್ಲಾ ಆಂಟಿ?"

"ಇಲ್ವಲ್ಲಮ್ಮ" ಎಂದೆ.

ಅಷ್ಟೇ. ಅಷ್ಟು ಸಲೀಸಾಗಿ ಬಾಯಿಂದ ಬಂತು. ಕೆಲವೇ ತಿಂಗಳಲ್ಲಿ ಅವಳ ಗಂಡನಿಗೆ ಹೊಸಕೋಟೆಯಲ್ಲೇ ಕೆಲಸ ಸಿಕ್ಕಿ, ಅವಳು ತಾಯಿಯ ಮನೆಗೇ ಸಂಸಾರ ತಂದಳು. ಅಲ್ಲಿಂದಾಚೆಗೆ ನನ್ನ ಪಾಡು ಯಾರಿಗೂ ಬೇಡ. "ಆಂಟಿ, ಒಂದು ಕೇಳ್ಲಾ?" ಎಂದು ಅವಳು ಗೇಟಿನ ಹತ್ತಿರ ಬಂದರೆ ಆವತ್ತಿನ ಮಾತೇ ತೆಗೆಯುತ್ತಾಳೆ ಅಂದುಕೊಳ್ಳುತ್ತಿದ್ದೆ. ಅವಳು ಕೇಳುತ್ತಿದ್ದದ್ದು ಕರಿಬೇವು. ಮಿಕ್ಸಿ ಹಾಕುವಾಗಲೆಲ್ಲ ಹಿಂದೆ ತಿರುಗಿ ನೋಡುತ್ತಿದ್ದೆ, ಬಾಗಿಲಲ್ಲಿ ಯಾರೋ ನಿಂತ ಹಾಗಾಗುತ್ತಿತ್ತು. ನಮ್ಮ ಮನೆಯವರಿಗೂ ನಾನು ಇದನ್ನು ಹೇಳಿರಲಿಲ್ಲ.

ನಿನ್ನೆ ಭಾನುವಾರ. ಓಂಕಾಳು ಹುರಿದು ಮುಗಿಸಿ ಸೂಟ್‌ಕೇಸಿನ ಜಿಪ್ ಎಳೆಯುವ ಹೊತ್ತಿಗೆ ಅತ್ತೆ ಬಂದು ನಿಂತರು.

"ಮಂಗಳವಾರ ಹೊರಡೋದಲ್ವೇನೇ? ಇವತ್ತೇ ತಗೊಂಡೋಗಿ ಎದುರು ಮನೇಲಿ ಪರಸ್ಥಾನ ಇಟ್ಬಿಡು."

ಬೇಡ ಅನ್ನಬೇಕೆಂದರೆ ಯಾಕೆ ಎಂದು ಹೇಳಬೇಕು. ಸೂಟ್‌ಕೇಸನ್ನು ಎಳೆದುಕೊಂಡು ಬೀದಿ ದಾಟಿದೆ. ಹತ್ತು ಹೆಜ್ಜೆಯ ಬೀದಿ.

ಮೇಡಂ ಮಗಳು ಗೇಟು ತೆಗೆದು, "ಕೊಡಿ ಆಂಟಿ, ಒಳಗೆ ಇಡ್ತೀನಿ" ಎಂದು ಹಿಡಿಗೆ ಕೈ ಹಾಕಿದಳು. ನಾನು ಬಿಡಲಿಲ್ಲ. ಅವಳು ಎಳೆದಳು, ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

"ಆವತ್ತು ನಿಮ್ಮಮ್ಮ ಬಂದಿದ್ರು. ಸೂಟ್‌ಕೇಸ್ ತೆಗೀಲಾ ಅಂತ ಕೇಳಿದ್ರು. ನಾನೇ ಬೇಡ ಅಂದೆ. ನಿಂಗೆ ಸುಳ್ಳು ಹೇಳ್ಬಿಟ್ಟೆ ಕಣಮ್ಮ."

"ಎಷ್ಟು ಗಂಟೆಗೆ?" ಎಂದಳು.

"ಹತ್ತೂವರೆ."

"ಹನ್ನೊಂದಕ್ಕೆ ನಾನು ಫೋನ್ ಮಾಡಿದ್ದೆ. ಎದೆ ಹಿಡ್ಕೊಂಡಿತ್ತು, ಮಾತ್ರೆ ಇಟ್ಕೊಂಡಿದೀನಿ, ಸರಿ ಹೋಗುತ್ತೆ ಅಂದ್ಲು. ನಾನೂ ನಂಬಿ ಫೋನ್ ಇಟ್ಬಿಟ್ಟೆ ಆಂಟಿ."

ಇಬ್ಬರೂ ಸೂಟ್‌ಕೇಸಿನ ಹಿಡಿಯನ್ನು ಹಿಡಿದುಕೊಂಡೇ ನಿಂತಿದ್ದೆವು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕೊನೆಗೆ ಅವಳೇ ಕೈ ತೆಗೆದಳು.

"ನಿಮ್ಮ ಬಿ.ಪಿ. ಮಾತ್ರೆ ಇದ್ರೊಳಗಿದ್ಯಾ?"

ಹೌದು ಎಂದೆ.

"ತೆಕ್ಕೊಳ್ಳಿ. ಆಮೇಲೆ ಒಳಗಿಡ್ತೀನಿ."

ಗೇಟಿನ ಮುಂದೆಯೇ ಕುಕ್ಕರುಗಾಲಲ್ಲಿ ಕೂತು ಜಿಪ್ ಬಿಚ್ಚಿದೆ. ಮಾತ್ರೆ ಎಲ್ಲಕ್ಕಿಂತ ಕೆಳಗಿತ್ತು. ಸೀರೆ, ಟವೆಲ್ಲು, ಎಲ್ಲವನ್ನೂ ಒಂದೊಂದಾಗಿ ಗೇಟಿನ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ತೆಗೆದಿಡುತ್ತಾ ಹೋದೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ತಾಯಿಯದೇ ಮುಖ. ಏನು ಬೇಕಿತ್ತು ಮೇಡಂ ಎಂದು ಆವತ್ತು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಈಗ ಕೇಳುವುದಕ್ಕೆ ಅವರಿಲ್ಲ.