ಮೂಸಿ ಉಪ್ಪು ನೋಡುತ್ತಿದ್ದವರ ಹೊಟ್ಟೆ

ಎಪ್ಪತ್ತರ ದಶಕದ ಕೊನೆಯಲ್ಲಿ ಅಹಮದಾಬಾದಿನ ನವರಂಗಪುರದಲ್ಲಿ ನಮ್ಮ ಭಾವನವರ ಹೋಟೆಲಿತ್ತು. ಒಲೆಯ ಕೆಲಸ ಅವರ ತಮ್ಮನಾದ ನನ್ನ ಗಂಡನದು. ಮಹಡಿಯ ಕೋಣೆಯಲ್ಲಿ ನಮ್ಮ ಸಂಸಾರ.

ಇವರದೊಂದು ನಿಯಮ. ಮಧ್ಯಾಹ್ನ ದೇವರ ಪಟಕ್ಕೆ ನೈವೇದ್ಯ ಆಗುವವರೆಗೆ ಅಡುಗೆಯ ಒಂದು ತೊಟ್ಟನ್ನೂ ನಾಲಿಗೆಗೆ ತಾಗಿಸುವವರಲ್ಲ. ಸಾಂಬಾರಿನ ಸೌಟನ್ನು ಮೂಗಿನ ಹತ್ತಿರ ಹಿಡಿದು ಉಪ್ಪು ಹೆಚ್ಚೋ ಕಡಿಮೆಯೋ ಹೇಳಿಬಿಡುತ್ತಿದ್ದರು. ತಪ್ಪುತ್ತಿರಲಿಲ್ಲ.

"ಗಿರಾಕಿಗಳು ದೋಸೆ ತಿಂದು ಕೈ ತೊಳೆದಾಯ್ತು, ನಿನ್ನ ದೇವರಿನ್ನೂ ಉಪವಾಸ. ಇದೆಂಥ ನಿಯಮ ಮಾರಾಯ!" ಎಂದು ಭಾವ ನಗುತ್ತಿದ್ದರು.

ನೈವೇದ್ಯದ ಮೇಲೂ ಗಿರಾಕಿಗಳ ಊಟದ ಗಡಿಬಿಡಿ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದವರು ತಟ್ಟೆಯ ಮುಂದೆ ಕೂರುವಾಗ ಮೂರು ಗಂಟೆ.

ಹತ್ತರ ಹೊತ್ತಿಗೆ ಎದೆಯ ಕೆಳಗೆ ಉರಿ ಶುರುವಾಗುತ್ತಿತ್ತು. ಹಾಲಿಗೆ ನೈವೇದ್ಯದ ದೋಷವಿಲ್ಲವೆಂದು ನಾನೇ ತಣ್ಣನೆಯ ಹಾಲು ಕೊಡುತ್ತಿದ್ದೆ. ಅರ್ಧ ಗಂಟೆ ಸುಖ, ಆಮೇಲೆ ಮೊದಲಿಗಿಂತ ಜಾಸ್ತಿ. ಮತ್ತೆ ಹಾಲು. ವರ್ಷಗಟ್ಟಲೆ ಹೀಗೇ ನಡೆಯಿತು. ಒಂದು ದಿನ ಕಾಫಿ ಚರಟದಂಥ ಕಪ್ಪು ವಾಂತಿಯಾಗಿ ಒಲೆಯ ಮುಂದೆಯೇ ಕುಸಿದರು.

ಆಸ್ಪತ್ರೆಯ ಗುಜರಾತಿ ಡಾಕ್ಟರು ಹಿಂದಿಯಲ್ಲಿ ಬಿಡಿಸಿ ಹೇಳಿದರು. "ಬೆಹೆನ್‌ಜಿ, ತಿನ್ನಲೇಬೇಕೆಂದಿಲ್ಲ, ವಾಸನೆಯೇ ಸಾಕು. ತಲೆಯಿಂದ ಹೊಟ್ಟೆಗೆ ಒಂದು ನರ ಇಳಿದಿದೆ. ಊಟ ಬರ್ತಾ ಇದೆ ಅಂತ ಅದು ಸುದ್ದಿ ಕೊಟ್ಟ ಕೂಡಲೇ ಹೊಟ್ಟೆ ಆಸಿಡ್ಡನ್ನೂ ಜೀರ್ಣರಸವನ್ನೂ ಸುರಿಸ್ತದೆ. ಇವರಿಗೆ ಬೆಳಗಿನಿಂದ ಬರೀ ಸುದ್ದಿ. ಊಟ ಇಲ್ಲ. ಹುಣ್ಣಾಗದೆ ಏನಾಗ್ತದೆ?"

"ನಾನು ಹಾಲು ಕೊಡ್ತಿದ್ದೆನಲ್ಲ?"

"ಹಾಲೂ ಆಹಾರವೇ ತಾನೆ? ಆಹಾರ ಒಳಗೆ ಬಂದರೆ ಹೊಟ್ಟೆಯೇ ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡ್ತದೆ. ಅದು ಮೈಯೆಲ್ಲ ಸುತ್ತಿ ಅದೇ ಹೊಟ್ಟೆಗೆ ಬಂದು, ಇನ್ನೂ ಸುರಿಸು ಅಂತದೆ."



ಸುದ್ದಿ ಕೊಡುವ ಆ ನರವನ್ನು ಕತ್ತರಿಸಬಹುದು ಎಂದರು ಡಾಕ್ಟರು. ಇವರು ಕೇಳಿದ್ದು ಒಂದೇ ಮಾತು: "ಮತ್ತೆ ಒಲೆ ಮುಂದೆ ನಿಲ್ಲಬಹುದಾ?" ನಿಲ್ಲಬಹುದು ಎಂದಾಗ ಒಪ್ಪಿದರು.

ಆಪರೇಷನ್ ಆಯಿತು. ಆರು ತಿಂಗಳು ಉರಿ ಇರಲಿಲ್ಲ. ಆದರೆ ನರ ಕತ್ತರಿಸಿದ್ದರಿಂದ ಉಂಡದ್ದು ಕೆಳಗಿಳಿಯದೆ ಕಲ್ಲಿನಂತೆ ಕೂರುತ್ತಿತ್ತು. ನಾಲ್ಕು ತುತ್ತಿಗೇ ಸಾಕು ಎನ್ನುವರು. ಸಡಿಲಾದ ಅಂಗಿಗಳನ್ನೆಲ್ಲ ನಾನು ಬದಿ ಹಿಡಿದು ಹೊಲಿದೆ. ಆದರೂ ದಿನಾ ಕೆಳಗಿಳಿದು ಒಲೆ ಹಚ್ಚುತ್ತಿದ್ದರು. ಬೇಸಿಗೆಯ ಒಂದು ಬೆಳಿಗ್ಗೆ ಸೌಟು ಬಿಟ್ಟು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲಲ್ಲಿ ಕೂತರು. ಅದೇ ಜಾಗ, ಅದೇ ಉರಿ.

"ನರದ ಒಂದು ಎಳೆ ಉಳಿದಿರಬಹುದು. ರಕ್ತದ ದಾರಿಯಂತೂ ಇದ್ದೇ ಇದೆ," ಎಂದರು ಡಾಕ್ಟರು. ಈ ಸಲ ಹೊಟ್ಟೆಯ ಒಂದು ಭಾಗವನ್ನೇ ತೆಗೆಯಬೇಕಂತೆ. ಒಲೆಯ ಮಾತು ಅವರೂ ಎತ್ತಲಿಲ್ಲ, ಇವರೂ ಕೇಳಲಿಲ್ಲ.

ಆಪರೇಷನ್ನಿಗೆ ಒಪ್ಪಿ ಸಹಿ ಹಾಕಬೇಕಾದ ಕಾಗದವನ್ನು ಇವರು ಹಾಗೇ ಮನೆಗೆ ತಂದು, ಮಡಚಿ ನನ್ನ ಕೈಗಿಟ್ಟರು. "ಸಾಕು ಮಾರಾಯ್ತಿ. ಇನ್ನು ನನ್ನಿಂದ ಒಲೆ ಮುಂದೆ ನಿಲ್ಲಲಿಕ್ಕೆ ಆಗುದಿಲ್ಲ. ಅಣ್ಣನಿಗೆ ನೀನೇ ಹೇಳು."

ಹೇಗೆ ಹೇಳುವುದೆಂದು ಯೋಚಿಸುತ್ತಾ ಕೆಳಗಿಳಿದೆ. ಅಡುಗೆಮನೆಯಲ್ಲಿ ಭಾವನವರು ಊರಿನಿಂದ ಬಂದ ಹೊಸ ಅಡುಗೆ ಭಟ್ಟರಿಗೆ ಯಾವ ಪಾತ್ರೆ ಎಲ್ಲಿರುತ್ತದೆಂದು ತೋರಿಸುತ್ತಿದ್ದರು. ನನ್ನನ್ನು ಕಂಡು ಮುಖ ಆಚೆ ತಿರುಗಿಸಿದರು. ಹೇಳುವ ಕೆಲಸ ಉಳಿದಿರಲಿಲ್ಲ.