ಗರಾಜಿನ ಕೈಮರ

ಎಂಬತ್ತರ ದಶಕದಲ್ಲಿ ಸ್ಯಾನ್ ಮಟಿಯೋದ ನಮ್ಮ ಪಕ್ಕದ ಮನೆಯಲ್ಲಿದ್ದ ಅಮೆರಿಕನ್ ಯಜಮಾನರು ರೈಲ್ವೆಯಿಂದ ರಿಟೈರಾದವರು. ಅವರ ಗರಾಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ತಮ್ಮ ತಂದೆಯ ಕಾಲದ ಕಮಾನು ಸೇತುವೆ, ಅದರ ಮೇಲಿನ ಹಳಿಗಳು, ಸಿಗ್ನಲ್ಲಿನ ಪುಟ್ಟ ಕೈಮರಗಳು, ಎಲ್ಲವನ್ನೂ ಮರದಲ್ಲಿ ಮಾಡಿಟ್ಟು, ಆ ಹಳಿಗಳ ಮೇಲೆ ಎರಡು ಪುಟ್ಟ ಕರೆಂಟಿನ ರೈಲುಗಾಡಿ ಓಡಿಸುತ್ತಿದ್ದರು. ಏನು ಕೇಳಿದರೂ ಕನ್ನಡಕ ಹಣೆಗೇರಿಸಿ, "ಲುಕ್ ಅಗೇನ್" ಅನ್ನೋರು.

ಒಂದು ಭಾನುವಾರ ಮುಂದಿನ ಗಾಡಿಯ ಸ್ವಿಚ್ಚು ನನಗೆ ಕೊಟ್ಟರು. ಕೈಮರದ ಕೈ ನೆಟ್ಟಗೆ ಮೇಲೆದ್ದಿತು. ಅಮೆರಿಕದಲ್ಲಿ ಅದು 'ಹೊರಡು' ಅನ್ನೋ ಸಿಗ್ನಲ್ ಅಂತ ನನಗೇನು ಗೊತ್ತು? ನಮ್ಮ ಅರಸೀಕೆರೆಯಲ್ಲಿ ಕೈ ಕೆಳಗೆ ಬಿದ್ದರೆ ತಾನೇ ಗಾಡಿ ಹೊರಡೋದು? ಸೇತುವೆ ಮೇಲೇ ನಿಲ್ಲಿಸಿಬಿಟ್ಟೆ. ಹಿಂದೆ ಬರುತ್ತಿದ್ದ ಅವರ ಗಾಡಿ ಗುದ್ದಿ, ಎರಡೂ ನೆಲಕ್ಕೆ ಬಿದ್ದವು.

ಬೈಯಲಿಲ್ಲ. ಮುರಿದ ಇಂಜಿನ್ನನ್ನು ಎತ್ತಿಕೊಳ್ಳುತ್ತ, ನಿಮ್ಮೂರಲ್ಲಿ ಹೇಗೆ ಅಂತ ಕೇಳಿದರು. ತೋಳನ್ನು ಅಡ್ಡ ಚಾಚಿ, ಓರೆಯಾಗಿ ಇಳಿಸಿ ತೋರಿಸಿದೆ. ಜೋತುಬಿದ್ದ ಕೈ ನೋಡಿ ಯಾರಾದರೂ ಹೊರಡುತ್ತಾರಾ ಅಂತ ಅವರು ನಂಬಲೇ ಇಲ್ಲ.

ನಾವು ದೂರದ ಎವರ್‌ಗ್ರೀನ್ ಬಡಾವಣೆಗೆ ಮನೆ ಬದಲಾಯಿಸಿದ ದಿನ, ಕಾರು ಹೊರಡಿಸುತ್ತಿದ್ದಂತೆ ಯಜಮಾನರು ಗರಾಜಿನ ಮುಂದೆ ನಿಂತು ಕೈ ಮೇಲೆತ್ತಿದರು. ಗಲಿಬಿಲಿಯಾಗಿ ಬ್ರೇಕ್ ಒತ್ತಿದೆ.

"ನಿಲ್ಲಿ ಅಂತಿದಾರೇನ್ರೀ?" ಅಂದಳು ಹೆಂಡತಿ.

"ಲುಕ್ ಅಗೇನ್!" ಅಂತ ಕೂಗಿ, ಅವರು ತೋಳನ್ನು ಅಡ್ಡ ಚಾಚಿದರು. ಆಮೇಲೆ ನಮ್ಮೂರಿನ ಹಾಗೆ ನಿಧಾನವಾಗಿ ಕೆಳಗಿಳಿಸಿದರು.

ಅರ್ಥವೇನೋ ಆಯಿತು. ಕಾಲು ಮಾತ್ರ ಬ್ರೇಕಿನಿಂದ ಏಳಲಿಲ್ಲ.