ಮೂರು ಹಳೆ ಗಾಡಿಗಳನ್ನು ತಳ್ಳಿದ ದ್ರೌಪತಿ

ಹಳೆಯ ಕಾರುಗಳಲ್ಲಿ ಯಾವುದು ಮಾತು ಕೇಳುತ್ತದೆ? ಹಿಂದಿನ ಗಾಲಿ ನೂಕುವುದೋ, ಮುಂದಿನ ಗಾಲಿ ಎಳೆಯುವುದೋ, ನಾಲ್ಕೂ ದುಡಿಯುವುದೋ? ಬಲ್ಲವರು ಪುಟಗಟ್ಟಲೆ ಬರೆದಿದ್ದಾರೆ. ಎಲ್ಲರೂ ಸ್ಟೇರಿಂಗ್ ಹಿಡಿದು ಕೂತವರೇ. ರಾಡಿಯಲ್ಲಿ ಹೂತ ಗಾಡಿಯನ್ನು ಬೆನ್ನ ಹಿಂದಿನಿಂದ ತಳ್ಳಿದವರನ್ನು ಒಬ್ಬರೂ ಕೇಳಿಲ್ಲ. ಕೇಳುವ ಮನಸ್ಸಿದ್ದರೆ ಮೋರಖಂಡಿಗೆ ಹೋಗಿ, ದ್ರೌಪತಿ ಇದ್ದಾಳೆ. ಹದಿನಾರು ವರ್ಷ ತಳ್ಳಿದ್ದಾಳೆ.

ಆಕೆ ಗಾಡಿಗಳನ್ನು ಅಳೆಯುವುದು ಸೀರೆಯಿಂದ. "ಅಂಬಾಸಿಡರ್ ತಳ್ಳಿದ್ರ ರಾಡಿ ಸೀದಾ ಎದಿಗಿ, ಮಾರಿಗಿ. ತಿರಗೋ ಗಾಲಿ ನಮ್ಮ ಕಾಲಾಗೇ ಇರತದಲ್ರಿ. ಮಾರುತಿ ಪಾಪ ಛಲೋದು, ರಾಡಿ ಎಲ್ಲಾ ಮುಂದೇ ಹಾರತದ, ಸೀರಿ ಉಳೀತದ. ಜಿಪ್ಸಿ ನಾಲ್ಕೂ ಗಾಲಿ ದುಡೀತಾವ ಅಂತ ಮಾಲಕ್ರು ಹೇಳ್ತಾರ. ನನ್ನ ಸೀರಿ ಅದನ್ನ ಒಪ್ಪಂಗಿಲ್ಲ. ಅದೂ ಬರೇ ಹಿಂದಿಂದೇ ಹಾರಸತದ."

ಈ ಮೂರೂ ಗಾಡಿಗಳ ಮಾಲೀಕ ಮಹಾರುದ್ರಪ್ಪ. ಬಸವಕಲ್ಯಾಣದಲ್ಲಿ ಮನೆ, ಬಟ್ಟೆ ಅಂಗಡಿ, ಮೋರಖಂಡಿಯಲ್ಲಿ ಎರೆ ಹೊಲ. ಆ ಹೊಲದಲ್ಲಿ ಕಳೆ ತೆಗೆಯುವವಳು ದ್ರೌಪತಿ, ಗಾಡಿ ತೊಳೆಯುವವಳೂ ಅವಳೇ. ತಳ್ಳುವುದು ಯಾವ ಕೆಲಸದೊಳಗೆ ಬರುತ್ತದೆಂದು ಯಾರೂ ಹೇಳಿಲ್ಲ, ಅವಳೂ ಕೇಳಿಲ್ಲ.

ಮಹಾರುದ್ರಪ್ಪನವರದು ಅಂಬಾಸಿಡರ್ ಪಂಥ, ಮಗ ಶರಣಕುಮಾರನದು ಮಾರುತಿ ಪಂಥ. ಊಟಕ್ಕೆ ಕೂತರೂ ಅದೇ ಜಗಳ.

"ಮುಂದಿನ ಗಾಲಿ ದಾರಿ ತೋರಸಬೇಕು, ಹಿಂದಿನ ಗಾಲಿ ನೂಕಬೇಕು. ಒಂದೇ ಗಾಲಿ ಎರಡೂ ಮಾಡಿದ್ರ ಅದಕ್ಕ ತಲಿ ಕೆಡತದ," ಎನ್ನುತ್ತಾರೆ ಅಪ್ಪ.

"ಅಪ್ಪಾಜಿ, ಎತ್ತು ಬಂಡಿ ಮುಂದ ಕಟ್ತಾರೋ ಹಿಂದ ಕಟ್ತಾರೋ?" ಎನ್ನುತ್ತಾನೆ ಮಗ.

ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ: ರಾಡಿಗೆ ಇಳಿಯುವ ಮೊದಲು ಡಿಕ್ಕಿಯಲ್ಲಿ ಎರಡು ಚೀಲ ತೊಗರಿ ಇಡಬೇಕು. ಅಜ್ಜನ ಕಾಲದಿಂದ ಬಂದ ಪದ್ಧತಿ. ಅಂಬಾಸಿಡರಿಗೆ ಅದು ಸರಿಯೇ, ನೂಕುವ ಗಾಲಿಯ ಮೇಲೆ ಭಾರ ಬೀಳುತ್ತದೆ. ಮಾರುತಿಯ ಡಿಕ್ಕಿಯಲ್ಲಿಟ್ಟರೆ ಮೂತಿ ಮೇಲೇಳುತ್ತದೆ, ಎಳೆಯುವ ಗಾಲಿ ಹಗುರಾಗಿ ಬರೀ ತಿರುಗುತ್ತದೆ. ಇಷ್ಟು ತಿಳಿಯಲು ದೊಡ್ಡ ಓದು ಬೇಕಿಲ್ಲ. ಬೇಕಾದದ್ದು ಅಜ್ಜನನ್ನು ಪ್ರಶ್ನೆ ಕೇಳುವ ಧೈರ್ಯ. ಅದು ಆ ಮನೆಯಲ್ಲಿ ದಾಸ್ತಾನಿಲ್ಲ.

ಇನ್ನು ಜಿಪ್ಸಿ. ಹದಿನೈದು ವರ್ಷದ ಹಿಂದೆ ಯಾರಿಂದಲೋ ಕೊಂಡದ್ದು. ಗೇರಿನ ಪಕ್ಕದ ಸಣ್ಣ ದಂಡ ಯಾತಕ್ಕೆಂದು ಕೇಳಿದಾಗ ಮಾರಿದವನು, "ಅದು ಕಷ್ಟಕಾಲಕ್ಕ ಒದಗತದ್ರಿ," ಅಂದನಂತೆ. ಮಹಾರುದ್ರಪ್ಪ ಕೈಮುಗಿದರು. ಆ ವರ್ಷದ ದಸರೆಗೇ ದಂಡಕ್ಕೆ ವಿಭೂತಿ ಬಿತ್ತು, ನಿಂಬೆಹಣ್ಣಿನ ಸರ ಬಿತ್ತು. ಅಂದಿನಿಂದ ಅದನ್ನು ಯಾರೂ ಅಲುಗಾಡಿಸಿಲ್ಲ. ಅದನ್ನು ಎಳೆದರೇ ಮುಂದಿನ ಗಾಲಿಗೂ ಬಲ ಮುಟ್ಟುವುದೆಂದು ಯಾರಿಗೂ ಹೊಳೆಯಲಿಲ್ಲ. ನಾಲ್ಕು ಗಾಲಿಯ ಗಾಡಿ ಹದಿನೈದು ವರ್ಷ ಎರಡೇ ಗಾಲಿಯಲ್ಲಿ ದುಡಿಯಿತು. ನಗಬೇಡಿ. ಕಷ್ಟಕ್ಕೆ ಒದಗುವುದನ್ನು ಬಳಸದೆ ಪೂಜೆ ಮಾಡಿ ಕೂತವರು ಆ ಮನೆಯಲ್ಲಷ್ಟೇ ಇಲ್ಲ.

ಈ ಜುಲೈನಲ್ಲಿ ದ್ರೌಪತಿಗೆ ಒಂದು ಕಾಗದ ಬಂತು. ಮಹಿಳಾ ಸಂಘದಿಂದ ಒಂದು ತಿಂಗಳ ತರಬೇತಿ ಪಡೆದು, ಒಂದು ಹಳೆ ಜೀಪಿನ ಮೇಲೆ ಕಲಿತು, ಲೈಸನ್ಸ್ ತೆಗೆದುಕೊಂಡಿದ್ದಳು. ಪಂಚಾಯಿತಿಯ ಕಸದ ಗಾಡಿಗೆ ಚಾಲಕಿ ಬೇಕಿತ್ತು. ಓಡಿಸಿ ತೋರಿಸುವುದು ಹುಮನಾಬಾದಿನಲ್ಲಿ, ಹನ್ನೊಂದಕ್ಕೆ. ತಡವಾದರೆ ಹೆಸರು ಹೊಡೆದು ಹಾಕುತ್ತಾರೆ.

ಆಕೆ ಏಳರ ಬಸ್ಸಿಗೆ ಹೊರಟಿದ್ದಳು. ಮಹಾರುದ್ರಪ್ಪ ತಡೆದರು.

"ಬಸ್ ಯಾಕ ದ್ರೌಪತಿ? ನಾವೇ ಬಿಡ್ತೀವಿ, ಕಾರಿನ್ಯಾಗ. ಹೊಲಕ್ಕ ಒಂದ್ ಸುತ್ತು ಹೋಗಿ ಬಂದ್ಬಿಡೂಣು."

ಎಂಥ ಉದಾರ ಮನಸ್ಸು! ಅಂದು ಅಪ್ಪ ಮಗ ಹೊಲದ ಬಂಡಿ ದಾರಿಯಲ್ಲಿ ಪಂದ್ಯ ಕಟ್ಟಿದ್ದರು. ತಳ್ಳುವವಳು ಹುಮನಾಬಾದಿಗೆ ಹೋದರೆ ಪಂದ್ಯ ಹೇಗೆ ನಡೆದೀತು?

ಮೊದಲು ಅಂಬಾಸಿಡರ್ ಇಳಿಯಿತು. ತಿರುವಿನಲ್ಲಿ ಮಹಾರುದ್ರಪ್ಪ ಜೋರಾಗಿ ಒತ್ತಿದರು, ಹಿಂಭಾಗ ಹೋರಿಕರು ಬಾಲ ಬೀಸಿದಂತೆ ಬೀಸಿ ಗಾಡಿ ಅಡ್ಡ ನಿಂತಿತು. ದ್ರೌಪತಿ ತಳ್ಳಿದಳು. ಎದೆತುಂಬ ರಾಡಿ, ಗಾಡಿ ಮಾತ್ರ ಇನ್ನೂ ಒಂದು ಗೇಣು ಕೆಳಗೆ. ಅದನ್ನು ಎಳೆಯಲು ಮಗ ಮಾರುತಿ ತಂದ. ತೊಗರಿ ಚೀಲಗಳನ್ನು ಆ ಡಿಕ್ಕಿಯಿಂದ ಈ ಡಿಕ್ಕಿಗೆ ಹೊತ್ತವಳು ಯಾರೆಂದು ಬೇರೆ ಹೇಳಬೇಕೆ?

"ಸಣ್ಣ ಮಾಲಕ್ರ, ಇದಕ್ಕ ಭಾರ ಮುಂದ ಬೇಕ್ರಿ."

"ನನಗ ಕಲಸಬ್ಯಾಡ," ಎಂದ ಶರಣಕುಮಾರ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಮಾರುತಿ ತಿರುಗದೆ ನೆಟ್ಟಗೆ ಹೋಗಿ ಬದುವಿಗೆ ಮೂತಿ ಊರಿತು. ಮುಂದೆ ಭಾರ ಬೇಕೆಂಬ ಜ್ಞಾನ ಆಗ ಹುಟ್ಟಿ, ಮಹಾರುದ್ರಪ್ಪ ಬಿಳಿ ಧೋತರದಲ್ಲಿ ಬಾನೆಟ್ ಮೇಲೆ ಏರಿ ಪದ್ಮಾಸನ ಹಾಕಿದರು. ಡಿಕ್ಕಿಯ ಚೀಲ ಇಳಿಸಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಪದ್ಧತಿಯಲ್ಲವೇ!

ಶರಣಕುಮಾರ ಹೋಗಿ ಜಿಪ್ಸಿ ತಂದ. ಅದೂ ಕೂತಿತು. ಗಂಟೆ ಒಂಬತ್ತೂವರೆ. ಮೂರು ಗಾಡಿ ಸಾಲಾಗಿ, ಹಗ್ಗದಿಂದ ಒಂದಕ್ಕೊಂದು ಕಟ್ಟಿಕೊಂಡು, ಎಲ್ಲಿಗೂ ಹೋಗದ ಮೆರವಣಿಗೆಯ ಹಾಗೆ ನಿಂತಿದ್ದವು.

"ಏ ದ್ರೌಪತಿ, ಇನ್ನೊಮ್ಮಿ ತಳ್ಳು."

ದ್ರೌಪತಿ ತಳ್ಳಲಿಲ್ಲ. ಹಗ್ಗ ಬಿಚ್ಚಿದಳು. ಜಿಪ್ಸಿಯ ಮುಂದಿನ ಗಾಲಿಯ ಹತ್ತಿರ ಕೂತು, ಒಣಗಿದ ಕುಂಕುಮ ಕೆರೆದು, ಎಂಜಿನ್ನಿನ ಬಲಕ್ಕೆ ಗಾಲಿಯನ್ನು ಬೆಸೆಯುವ ನಡುವಿನ ಗುಂಡಿಯನ್ನು ತಿರುವಿದಳು. ಆ ಕಡೆಯದನ್ನೂ ತಿರುವಿದಳು. ತರಬೇತಿಯ ಜೀಪಿಗೂ ಅಂಥದ್ದೇ ಗುಂಡಿ ಇತ್ತು. ಆಮೇಲೆ ಶರಣಕುಮಾರನನ್ನು ಇಳಿಸಿ ತಾನು ಏರಿ, ನಿಂಬೆಹಣ್ಣಿನ ಸರ ತೆಗೆದು ಕನ್ನಡಿಗೆ ಹಾಕಿದಳು.

"ಮುಟ್ಟಬ್ಯಾಡ!" ಬಾನೆಟ್ ಮೇಲಿಂದಲೇ ಕೂಗಿದರು ಮಹಾರುದ್ರಪ್ಪ. "ನೀ ಅದನ್ನ ಮುಟ್ಟಬ್ಯಾಡ. ಪೂಜಾ ಮಾಡಿದ್ದು ಅದು!"

'ನೀ' ಎಂಬುದಕ್ಕೆ ಅವರು ಕೊಟ್ಟ ಒತ್ತು ಆಕೆಗೆ ಹೊಸದಲ್ಲ. ಅದೇ ಕೈಯಿಂದ ಇದೇ ದಂಡವನ್ನು ವಾರಕ್ಕೊಮ್ಮೆ ಒರೆಸುವಾಗ ಮಡಿ ಕೆಟ್ಟಿರಲಿಲ್ಲ.

"ಹದಿನೈದು ವರ್ಷ ಪೂಜಾ ಮಾಡೀರಿ ಮಾಲಕ್ರ. ಒಂದರೆ ವರ ಕೊಟ್ಟದೇನ್ರಿ?" ಎಂದು ದಂಡ ಎಳೆದಳು. ಖಟ್ ಎಂದಿತು. "ಈಗ ಇಳದು ಬರ್ರಿ. ಇಬ್ರೂ ಹಿಂದ ನಿಂತು ತಳ್ರಿ."

ಬೇರೆ ದಾರಿ ಇರಲಿಲ್ಲ. ಅಪ್ಪ ಮಗ ಹೆಗಲು ಕೊಟ್ಟರು. ಆಕೆ ಮೊದಲ ಗೇರಿನಲ್ಲಿ, ಎತ್ತಿಗೆ ಹೊರಳಲು ಹೊತ್ತು ಕೊಟ್ಟಂತೆ, ಮೆಲ್ಲಗೆ ಬಿಟ್ಟಳು. ನಾಲ್ಕೂ ಗಾಲಿ ಮಣ್ಣು ಕಚ್ಚಿದವು. ನಾಲ್ಕೂ ರಾಡಿ ಹಾರಿಸಿದವು. ಧೋತರ ಯಾವುದು, ಹೊಲ ಯಾವುದು ಎಂದು ತಿಳಿಯದ ಹಾಗಾಯಿತು.

"ನಿಲ್ಲಸು! ನಾವು ಹತ್ತಬೇಕು!"

"ರಾಡ್ಯಾಗ ನಿಲ್ಲಸಿದ್ರ ಮತ್ತ ಕೂಡತದ್ರಿ!" ಎಂದು ಕೂಗಿ ದ್ರೌಪತಿ ಹೊರಟೇಹೋದಳು.

ಹೆದ್ದಾರಿ ಸೇರಿದ ಮೇಲೆ ನಿಲ್ಲಿಸಿದಳು. ದಂಡ ಮೊದಲಿನ ಜಾಗಕ್ಕೆ, ಗುಂಡಿ ಸಡಿಲ. ಡಾಂಬರಿನ ಮೇಲೆ ನಾಲ್ಕೂ ಬಿಗಿದುಕೊಂಡು ಓಡಿದರೆ ತಿರುವಿನಲ್ಲಿ ಗಾಡಿ ಮೊಂಡು ಬೀಳುತ್ತದೆ. ಹುಮನಾಬಾದ್ ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷ.

ಅಲ್ಲಿಯೂ ಮೈದಾನ ರಾಡಿ. ಕಸದ ಗಾಡಿಗೆ ಹಿಂದಿನ ಗಾಲಿಯ ನೂಕು, ತೊಟ್ಟಿ ಖಾಲಿ. ಆಕೆಯ ಮುಂದಿನ ಇಬ್ಬರು ತಿರುಗಿ ತಿರುಗಿ ಬಂದಲ್ಲಿಗೇ ಬಂದಿದ್ದರು. ದ್ರೌಪತಿ ಗಾಡಿಯನ್ನು ಒಂದು ಸುತ್ತು ನೋಡಿ, ಫೈಲು ಹಿಡಿದು ನಿಂತ ಪರೀಕ್ಷೆಯ ಸಾಹೇಬರ ಹತ್ತಿರ ಬಂದಳು.

"ಸಾಹೇಬ್ರ, ಇದಕ್ಕ ಹಿಂದ ಭಾರ ಬೇಕ್ರಿ."

"ಭಾರ ಎಲ್ಲಿಂದ ತರಲಮ್ಮ?"

ದ್ರೌಪತಿ ಸಾಹೇಬರ ಹೊಟ್ಟೆ ನೋಡಿದಳು.

ಸಾಹೇಬರು ಫೈಲು ಕಂಕುಳಲ್ಲಿ ಇರಿಸಿಕೊಂಡು ಕಸದ ತೊಟ್ಟಿ ಏರಿದರು. ಗಾಡಿ ಮೈದಾನವನ್ನು ಎರಡು ಸುತ್ತು ಹಾಕಿತು, ಒಮ್ಮೆಯೂ ಬಾಲ ಬೀಸಲಿಲ್ಲ. ಇಳಿಯುವ ಮೊದಲೇ, ತೊಟ್ಟಿಯಲ್ಲಿ ನಿಂತೇ, ಆಕೆಯ ಹೆಸರಿನ ಮುಂದೆ ಸಹಿ ಹಾಕಿದರು.

ಮಧ್ಯಾಹ್ನ ಬಸವಕಲ್ಯಾಣಕ್ಕೆ ಬಂದು ಜಿಪ್ಸಿಯನ್ನು ಮಹಾರುದ್ರಪ್ಪನವರ ಬಾಗಿಲಿಗೆ ಹಚ್ಚಿದಳು. ಅವರು ಆಗಷ್ಟೇ ಎರಡನೇ ಸಲ ಸ್ನಾನ ಮಾಡಿ ಕೂತಿದ್ದರು. ನಿಂಬೆಹಣ್ಣಿನ ಸರ ದಂಡದ ಮೇಲೆ ಮರಳಿ ಹಾಕಿ, ಕೀಲಿಕೈ ಕಟ್ಟೆಯ ಮೇಲಿಟ್ಟಳು.

"ಇನ್ನೆರಡು ಗಾಡಿ ಹೊಲದಾಗೇ ಅವ," ಎಂದರು ಮಹಾರುದ್ರಪ್ಪ, ಮುಖ ನೋಡದೆ. "ಇದಕ್ಕೂ ರಾಡಿ ಹತ್ತೇದ. ನಾಳಿ ಲಗೂನ ಬಾ."

"ನಾಳಿ ಕಸದ ಗಾಡಿ ಅದರಿ, ಮಾಲಕ್ರ," ಎಂದಳು ದ್ರೌಪತಿ. "ಗಾಡಿ ತೊಳ್ಯೂ ಬಕೀಟು ಬಾವಿ ಹತ್ರ ಇಟ್ಟೀನಿ."